ಕಣ್ಣಿಗೆ ಕನ್ನಡಕ ಆಗ್ತದೆ, ಕಿವಿಗೆ ಯಂತ್ರ ಅಂದರೆ ಯಾಕೆ ನಾಚಿಕೆ?

ಎರಡು ವರ್ಷದ ಹಿಂದಿನ ಮಾತು. ಭತ್ತದ ಕೊಯ್ಲಿಗೆ ಇನ್ನು ಎಂಟು ದಿನ ಇತ್ತು. ಸಂಜೆ ಹೊತ್ತು ಗದ್ದೆಯ ಮೂಲೆಯಲ್ಲಿ ಕೂತು ಬೇಲಿ ಕಟ್ಟುತ್ತಿದ್ದೆ. ಹಿಂದಿನಿಂದ ಯಾರೋ ಭುಜ ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ಹೆಂಡತಿ. ಏದುಸಿರು ಬಿಡುತ್ತಿದ್ದಳು. ಇಪ್ಪತ್ತು ಮಾರು ಆಚೆ ಒಂಟಿ ಕಾಡುಕೋಣ ನಿಂತಿತ್ತು. ಅಂಗಳದಿಂದ ನಾಲ್ಕು ಸಲ ಕೂಗಿದಳಂತೆ, ನಾಯಿಯೂ ಬೊಗಳಿತಂತೆ. ನನಗೆ ಒಂದೂ ಕೇಳಿರಲಿಲ್ಲ. ಕೋಣ ತನ್ನಷ್ಟಕ್ಕೆ ಕಾಡಿಗೆ ಇಳಿದು ಹೋಯಿತು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಒಂದೇ ಮಾತು ಹೇಳಿದಳು: "ನಾಳೆ ದವಾಖಾನೆಗೆ ಹೋಗೋಣ. ಇಲ್ಲಾಂದ್ರೆ ಇನ್ನು ನೀವು ಒಬ್ಬರೇ ಗದ್ದೆಗೆ ಹೋಗೋದು ಬೇಡ."

ನನ್ನದು ಕುಂಬಾರವಾಡದ ಹತ್ತಿರ ಮಳೆ ನಂಬಿದ ಸಣ್ಣ ಹಿಡುವಳಿ. ಮಳೆಗಾಲದಲ್ಲಿ ಭತ್ತ, ಮಕ್ಕಿಯಲ್ಲಿ ರಾಗಿ, ಅಂಗಳದ ಸುತ್ತ ಗೆಡ್ಡೆಗೆಣಸು, ಗುಡ್ಡದ ಮೇಲೆ ನಾಲ್ಕು ಗೇರುಮರ. ಓದಿದ್ದು ಏಳನೇ ಇಯತ್ತೆ. ಡಾಕ್ಟರ ಹಾಗೆ ಬರೆಯೋದಕ್ಕೆ ನನ್ನಿಂದ ಆಗದು. ಆದರೆ ಹತ್ತು ವರ್ಷ ಕಿವಿ ಮಂದ ಮಾಡಿಕೊಂಡು ಸುಮ್ಮನೆ ಕೂತದ್ದರಿಂದ ಏನೇನು ಕಳೆದುಕೊಂಡೆ, ಆಮೇಲೆ ಏನು ತಿಳಿದುಕೊಂಡೆ ಅನ್ನೋದನ್ನ ನಮ್ಮಂಥ ರೈತರಿಗೆ ಹೇಳಬಹುದು.

ಹತ್ತು ವರ್ಷ ಹೇಗೆ ಹೋಯಿತು

ಕಿವಿ ಒಂದೇ ದಿನಕ್ಕೆ ಹೋಗುವುದಿಲ್ಲ. ಅದಕ್ಕೇ ಗೊತ್ತಾಗುವುದಿಲ್ಲ. ಮೊದಲು ಜೀರುಂಡೆ ಸದ್ದು ನಿಂತಿತು. ಈ ವರ್ಷ ಜೀರುಂಡೆ ಕಡಿಮೆ ಅಂದುಕೊಂಡೆ. ಆಮೇಲೆ ಮೊಮ್ಮಗಳ ಮಾತು ತಿಳಿಯದಾಯಿತು. ಹುಡುಗಿ ತೊದಲುತ್ತದೆ ಅಂದೆ. ಹೆಂಡತಿ ಗೊಣಗುತ್ತಾಳೆ ಅಂದೆ. ಫೋನು ಸರಿ ಇಲ್ಲ ಅಂದೆ. ತಪ್ಪು ಎಲ್ಲಾ ಬೇರೆಯವರದ್ದು, ನನ್ನ ಕಿವಿಯದ್ದು ಮಾತ್ರ ಅಲ್ಲ!

ವ್ಯಾಪಾರದಲ್ಲೂ ಪೆಟ್ಟು ಬಿತ್ತು. ಗೇರುಬೀಜ ಮಾರುವಾಗ ವ್ಯಾಪಾರಿ ದರ ಹೇಳುತ್ತಾನೆ, ತೂಕದಲ್ಲಿ ಕಳೆಯುವ ಲೆಕ್ಕ ಹೇಳುತ್ತಾನೆ. ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಮತ್ತೆ ಮತ್ತೆ "ಆಂ?" ಅನ್ನಲು ನಾಚಿಕೆ. ತಲೆ ಆಡಿಸಿ ಬಂದುಬಿಡುತ್ತಿದ್ದೆ. ಎಷ್ಟು ಕಳೆದುಕೊಂಡೆನೋ ಲೆಕ್ಕ ಇಟ್ಟಿಲ್ಲ. ಗ್ರಾಮಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತಿದ್ದಿದೆ. ಯಾವುದಕ್ಕೆ ಎತ್ತಿದೆ ಅಂತ ಮನೆಗೆ ಬಂದ ಮೇಲೆ ಮಗನನ್ನು ಕೇಳಬೇಕು.

ಕೊನೆಗೆ ಮದುವೆ ಮುಂಜಿಗೆ ಹೋಗೋದೇ ಬಿಟ್ಟೆ. ನಾಲ್ಕು ಮಂದಿ ಸೇರಿದಲ್ಲಿ ಎಲ್ಲರೂ ನಗುತ್ತಾರೆ, ನಾನೂ ಸುಮ್ಮನೆ ಹಲ್ಲು ಕಿರಿಯಬೇಕು. "ಏನ್ ಬೆಳೆ ಈ ಸಲ?" ಅಂದರೆ "ಊಟ ಆಯ್ತು" ಅಂತೀನಿ. ಮಂದಿ ಹೊಟ್ಟೆ ಹಿಡಿದು ನಗುತ್ತಾರೆ. ಕುಂಟನನ್ನೋ ಕುರುಡನನ್ನೋ ಕಂಡರೆ ಅಯ್ಯೋ ಅನ್ನುವ ಜನ ಕೆಪ್ಪನನ್ನು ಕಂಡರೆ ಯಾಕೆ ನಗುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಹಾಸ್ಯದ ಕತೆಗಳಲ್ಲಿ ಕಿವುಡ ಯಾವಾಗಲೂ ಮೂರ್ಖನೇ. ಅವನು ಮೂರ್ಖ ಅಲ್ಲ ಮಾರಾಯ್ರೆ, ಅವನಿಗೆ ನಿಮ್ಮ ಮಾತು ಮುಟ್ಟಿಲ್ಲ, ಅಷ್ಟೆ.

ಕೇಳ್ತದೆ, ಆದರೆ ತಿಳಿಯೋದಿಲ್ಲ

ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಗಾಳಿಯೂ ಆಡದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಪೀಂ ಅಂತ ಸಣ್ಣ ಸದ್ದು ಕೇಳಿದಾಗೆಲ್ಲ ಬೆರಳೆತ್ತಬೇಕು. ಸದ್ದು ದಪ್ಪದಿಂದ ಸಣ್ಣಕ್ಕೆ, ಜೋರಿನಿಂದ ಮೆಲ್ಲಗೆ ಬದಲಾಗುತ್ತದೆ. ಸೂಜಿ ಇಲ್ಲ, ನೋವಿಲ್ಲ. ಅರ್ಧ ತಾಸಿನಲ್ಲಿ ಒಂದು ಕಾಗದದ ಮೇಲೆ ಗೆರೆ ಎಳೆದು ಕೊಟ್ಟರು. ಅದಕ್ಕೆ ಆಡಿಯೋಗ್ರಾಮ್ ಅಂತಾರೆ. ನಮ್ಮ ಪಹಣಿ ಇದ್ದ ಹಾಗೆ, ಯಾವ ಮೂಲೆಯಲ್ಲಿ ಎಷ್ಟು ಉಳಿದಿದೆ ಅಂತ ಅದರಲ್ಲಿ ಇರುತ್ತದೆ.

ನನ್ನ ಗೆರೆ ಎಡಗಡೆ ಸುಮಾರು ಸಮ ಇದ್ದು ಬಲಗಡೆಗೆ ಹೋದಂತೆ ಘಟ್ಟ ಇಳಿದ ಹಾಗೆ ಇಳಿದಿತ್ತು. ಅಂದರೆ ದಪ್ಪ ಸದ್ದು ಕೇಳುತ್ತದೆ, ಸಣ್ಣ ಸದ್ದು ಹೋಗಿದೆ. ಮಾತಿನಲ್ಲಿ ಅ, ಆ, ಓ ಇಂಥ ಸ್ವರಗಳಿಗೆ ಬಲ ಜಾಸ್ತಿ. ಸ, ಶ, ತ, ಕ, ಪ ಇವು ಬರೇ ಉಸಿರಿನ ಹಾಗೆ, ಬಲ ಇಲ್ಲ. ಆದರೆ ಮಾತಿನ ಅರ್ಥ ಇರೋದೇ ಅವುಗಳಲ್ಲಿ. "ಸಾಲ", "ಕಾಲ", "ತಾಳ" ಮೂರೂ ನನಗೆ "ಆಲ" ಅಂತಲೇ ಕೇಳುತ್ತಿತ್ತು. ಹೆಂಗಸರ, ಮಕ್ಕಳ ದನಿ ಮೊದಲು ಮಾಯವಾಗೋದು ಇದರಿಂದಲೇ. ಹೆಂಡತಿ ಗೊಣಗುತ್ತಿರಲಿಲ್ಲ.

ಯಾಕೆ ಹೀಗೆ ಅಂತ ಕೇಳಿದೆ. ಪರೀಕ್ಷೆ ಮಾಡಿದ ಹುಡುಗಿ ಚಿತ್ರ ತೋರಿಸಿ ಹೇಳಿದಳು. ಸದ್ದು ಕಿವಿಯ ತಮಟೆಗೆ ಬಡಿಯುತ್ತದೆ. ತಮಟೆ ಹಿಂದೆ ಮೂರು ಪುಟ್ಟ ಎಲುಬುಗಳಿವೆ, ಅವು ಅಲುಗಾಟವನ್ನು ಒಳಕ್ಕೆ ದಾಟಿಸುತ್ತವೆ. ಒಳಗೆ ಬಸವನಹುಳದ ಚಿಪ್ಪಿನ ಆಕಾರದ ಅಂಗ. ಅದರಲ್ಲಿ ನೀರು, ನೀರಿನೊಳಗೆ ಸಾವಿರಾರು ಸೂಕ್ಷ್ಮ ಕೂದಲ ಕಣಗಳು. ಸದ್ದಿನ ಅಲೆಗೆ ಅವು ಬಾಗುತ್ತವೆ, ನರದ ಮೂಲಕ ಮೆದುಳಿಗೆ ಸುದ್ದಿ ಹೋಗುತ್ತದೆ.

ಸಣ್ಣ ಸದ್ದನ್ನು ಹಿಡಿಯುವ ಕೂದಲು ಚಿಪ್ಪಿನ ಬಾಗಿಲಲ್ಲೇ ಇವೆ, ದಪ್ಪ ಸದ್ದಿನವು ಒಳಗೆ ಕೊನೆಯಲ್ಲಿ. ವಯಸ್ಸಿನಿಂದಲೂ ಜೋರು ಸದ್ದಿನಿಂದಲೂ ಮೊದಲು ಹಾಳಾಗೋದು ಬಾಗಿಲ ಬಳಿಯವೇ. ದನ ಗದ್ದೆಗೆ ನುಗ್ಗಿದರೆ ತಟ್ಟಿಬಾಗಿಲ ಹತ್ತಿರದ ಸಸಿ ಮೊದಲು ತುಳಿತಕ್ಕೆ ಸಿಗುತ್ತದಲ್ಲ, ಹಾಗೆ. ಒಂದು ವ್ಯತ್ಯಾಸ ಉಂಟು. ತುಳಿದ ಸಸಿ ಒಮ್ಮೊಮ್ಮೆ ಮತ್ತೆ ಚಿಗುರುತ್ತದೆ. ಮನುಷ್ಯನ ಕಿವಿಯೊಳಗಿನ ಈ ಕೂದಲು ಸತ್ತರೆ ಸತ್ತ ಹಾಗೇ.

ನಮ್ಮ ಕಿವಿ ತಿಂದದ್ದು ಯಾರು?

ವಯಸ್ಸು ಅಂತ ಎಲ್ಲರೂ ಹೇಳುತ್ತಾರೆ. ನಲವತ್ತೈದಕ್ಕೇ ಕಿವಿ ಮಂದವಾಗಲು ವಯಸ್ಸೊಂದೇ ಕಾರಣ ಅಲ್ಲ. ನಾನು ಹದಿನೈದು ವರ್ಷ ಬಾಡಿಗೆಗೆ ಪವರ್ ಟಿಲ್ಲರ್ ಹೊಡೆದಿದ್ದೇನೆ. ಆಮೇಲೆ ಕಳೆ ಕತ್ತರಿಸುವ ಯಂತ್ರ ಹೆಗಲಿಗೆ ಬಂತು. ಸಂಜೆ ಮನೆಗೆ ಬಂದರೆ ಕಿವಿಯಲ್ಲಿ ಗುಂಯ್ ಅಂತ ಸದ್ದು, ಬೆಳಗ್ಗೆ ಸರಿ ಹೋಗುತ್ತಿತ್ತು. ಆ ಗುಂಯ್ ಅನ್ನೋದೇ ಕಿವಿ ಕೊಡುವ ನೋಟೀಸು. ನಾನು ಓದಲಿಲ್ಲ.

ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಎದುರುಬದುರು ಕೂತು ಆಡುವ ಮಾತು ಸುಮಾರು 60. ದಿನಕ್ಕೆ 8 ತಾಸು ಕೇಳಬಹುದಾದ ಮಿತಿ 85. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ ಏರಿದರೆ ತಾಸು ಅರ್ಧಕ್ಕೆ ಇಳಿಯಬೇಕು. 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 100 ಮುಟ್ಟಿದರೆ ಕಾಲು ತಾಸು ಮಾತ್ರ. ಕ್ಯಾಬಿನ್ ಇಲ್ಲದ ಟ್ರಾಕ್ಟರು, ಕಳೆ ಯಂತ್ರ ಇವೆಲ್ಲಾ 90ರಿಂದ 100ರ ಆಸುಪಾಸಿನವು. ಮರ ಕೊಯ್ಯುವ ಯಂತ್ರ ಅದಕ್ಕೂ ಮೇಲೆ. ನಾವು ಇಡೀ ದಿನ ಹೊಡೆಯುತ್ತೇವೆ! ಪಕ್ಕದಲ್ಲಿ ನಿಂತವನಿಗೆ ಮೂರು ಅಡಿ ದೂರದಿಂದ ಕಿರುಚಿ ಹೇಳಬೇಕಾದರೆ ಆ ಸದ್ದು ಕಿವಿಗೆ ಹಾನಿ ಅಂತ ತಿಳಿದುಕೊಳ್ಳಿ. ಮೀಟರು ಬೇಕಿಲ್ಲ.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ಹಳಿಯಾಳ, ಮುಂಡಗೋಡ ಕಡೆ ಕೊಯ್ಲಿನ ಹೊತ್ತಿಗೆ ಆನೆ ಬರುತ್ತವೆ, ನಮ್ಮಲ್ಲಿ ಹಂದಿ, ಕಾಡುಕೋಣ. ಓಡಿಸಲು ಪಟಾಕಿ, ಗರ್ನಾಲು. ಹತ್ತಿರ ಸಿಡಿದ ಗರ್ನಾಲಿನ ಸದ್ದು 140 ಡೆಸಿಬಲ್ ದಾಟಬಹುದು. ಅದಕ್ಕೆ ತಾಸಿನ ಲೆಕ್ಕವೇ ಇಲ್ಲ, ಒಂದೇ ಏಟಿಗೆ ತಮಟೆ ಹರಿಯಬಹುದು. ಬೆಳೆ ಉಳಿಸಲು ಹೋಗಿ ಕಿವಿ ಕಳೆದುಕೊಂಡ ರೈತನ ಹಾನಿಯನ್ನು ಯಾರೂ ಪಂಚನಾಮೆಗೆ ಬರೆಯುವುದಿಲ್ಲ. ಪಟಾಕಿ ಹಚ್ಚಲೇಬೇಕಾದರೆ ದೂರ ಎಸೆಯಿರಿ, ಕಿವಿ ಮುಚ್ಚಿಕೊಳ್ಳಿ, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಯಂತ್ರ ಹೊಡೆಯುವಾಗ ಕಿವಿಗೆ ಹತ್ತಿ ತುರುಕಿದರೆ ಹೆಚ್ಚು ಉಪಯೋಗ ಇಲ್ಲ. ಕಿವಿಗೆ ಇಡುವ ಸ್ಪಂಜಿನ ಬಿರಡೆ ಅಗ್ಗಕ್ಕೆ ಸಿಗುತ್ತದೆ. ಅದಕ್ಕಿಂತ ಗಟ್ಟಿ ಬೇಕೆಂದರೆ ಕಿವಿ ಪೂರ್ತಿ ಮುಚ್ಚುವ ಬಟ್ಟಲು. ಯಂತ್ರಕ್ಕೆ ಸಾವಿರಾರು ರೂಪಾಯಿ ಹಾಕುವವರು ಇದಕ್ಕೆ ಹಿಂದೆಮುಂದೆ ನೋಡಬಾರದು. ನಮ್ಮದು ಹೋಯಿತು, ಮಕ್ಕಳದ್ದಾದರೂ ಉಳಿಯಲಿ.

ಮೊದಲು ಡಾಕ್ಟರು, ಆಮೇಲೆ ಯಂತ್ರ

ಕಿವಿ ಕೇಳದ ಎಲ್ಲರಿಗೂ ಯಂತ್ರ ಬೇಕಿಲ್ಲ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆದರೆ ಮುಗಿಯಿತು. ಸೋರುವ ಕಿವಿಗೆ ಔಷಧ, ತಮಟೆಯ ತೂತಿಗೆ ಆಪರೇಷನ್ ಉಂಟು. ನರದ ಕಡೆಯ ಮಂದಕ್ಕೆ ಮಾತ್ರ ಹೆಚ್ಚಾಗಿ ಯಂತ್ರವೇ ದಾರಿ. ಯಾವುದು ಅಂತ ಹೇಳಬೇಕಾದವರು ಕಿವಿ ಮೂಗು ಗಂಟಲಿನ ಡಾಕ್ಟರು. ಅಂಗಡಿಯವನಲ್ಲ.

ನಮ್ಮ ಹಳ್ಳಿ ಮದ್ದಿನ ಬಗ್ಗೆ ನನಗೆ ಗೌರವ ಇದೆ. ಆದರೆ ಕಿವಿಯ ವಿಷಯದಲ್ಲಿ ನಾವು ಮಾಡುವ ತಪ್ಪು ಬಹಳ. ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಸೊಪ್ಪಿನ ರಸ ಎಲ್ಲ ಹೊಯ್ಯುತ್ತೇವೆ. ತಮಟೆ ತೂತಾಗಿದ್ದರೆ ಅದು ನೇರ ಒಳಕ್ಕೆ ಇಳಿದು ಸೋಂಕು ಹೆಚ್ಚಿಸುತ್ತದೆ. ಬೆಂಕಿಕಡ್ಡಿ, ಪಿನ್ನು ಹಾಕಿ ಕೆರೆಯುವುದಂತೂ ಗುಗ್ಗೆಯನ್ನು ಇನ್ನೂ ಒಳಕ್ಕೆ ದೂಡಿದ ಹಾಗೆ.

ಒಂದು ಮಾತು ನೆನಪಿಡಿ. ನಿನ್ನೆ ಕೇಳುತ್ತಿದ್ದ ಕಿವಿ ಇವತ್ತು ಬೆಳಗ್ಗೆ ಒಮ್ಮೆಲೇ ನಿಂತರೆ ಗದ್ದೆ ಕೆಲಸ ಬಿಟ್ಟು ಅವತ್ತೇ ಹೊರಡಿ. ಅದಕ್ಕೆ ಔಷಧ ನಾಟುವುದು ಮೊದಲ ಕೆಲವು ದಿನಗಳಲ್ಲಿ ಕೊಟ್ಟರೆ. ತಡವಾದರೆ ಉಳಿಯುವ ಆಸೆ ಕಡಿಮೆ. ಒಂದೇ ಕಿವಿ ಮಂದವಾದರೆ, ತಲೆ ತಿರುಗಿದರೆ, ನಾರುವ ಕೀವು ಬಂದರೆ ಸಹ ತಡ ಮಾಡಬಾರದು. ಹುಟ್ಟಿದ ಮಗು ಸದ್ದಿಗೆ ಬೆಚ್ಚಿ ಬೀಳದಿದ್ದರೆ "ದೊಡ್ಡದಾದ ಮೇಲೆ ಸರಿಹೋಗ್ತದೆ" ಅನ್ನಬೇಡಿ. ಮಾತು ಕಲಿಯುವ ವಯಸ್ಸು ದಾಟಿದರೆ ಮತ್ತೆ ಸಿಗುವುದಿಲ್ಲ.

ಕಾರವಾರ, ಹುಬ್ಬಳ್ಳಿ, ಬೆಳಗಾವಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಕಿವಿಯ ವಿಭಾಗ ಇದೆ. ನಮ್ಮ ರಾಜ್ಯದ ಭಾಗ್ಯ ಏನೆಂದರೆ ಇಡೀ ದೇಶಕ್ಕೆ ದೊಡ್ಡದಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರೋದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1965ರಲ್ಲಿ ಶುರುವಾದದ್ದು. ಕಿವಿ ಪರೀಕ್ಷೆ ಮಾಡುವ, ಮಾತು ಕಲಿಸುವ ತಜ್ಞರನ್ನು ತಯಾರು ಮಾಡುವ ಜಾಗವೇ ಅದು.

ಯಂತ್ರ ಏನು ಮಾಡ್ತದೆ, ಏನು ಮಾಡೋದಿಲ್ಲ

ಯಂತ್ರದಲ್ಲಿ ಇರುವುದು ನಾಲ್ಕು: ಸದ್ದು ಹಿಡಿಯುವ ಮೈಕು, ಅದನ್ನು ಹೆಚ್ಚಿಸುವ ಭಾಗ, ಕಿವಿಗೆ ಬಿಡುವ ಪುಟ್ಟ ಸ್ಪೀಕರು, ಬ್ಯಾಟರಿ. ಹಿಂದಿನ ಕಾಲದ ಜೇಬಿನ ಡಬ್ಬಿ ಎಲ್ಲ ಸದ್ದನ್ನೂ ಒಟ್ಟಿಗೆ ಎತ್ತುತ್ತಿತ್ತು. ಈಗಿನ ಡಿಜಿಟಲ್ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಆಡಿಯೋಗ್ರಾಮ್ ನೋಡಿ ಹೊಂದಿಸುತ್ತಾರೆ. ಎಲ್ಲಿ ಕಡಿಮೆ ಇದೆಯೋ ಅಲ್ಲಿಗೆ ಮಾತ್ರ ಬಲ ಕೊಡುತ್ತದೆ. ಮಣ್ಣು ಪರೀಕ್ಷೆ ಮಾಡಿ ಬೇಕಾದ ಗೊಬ್ಬರ ಮಾತ್ರ ಹಾಕಿದ ಹಾಗೆ. ಅದಕ್ಕೇ ಒಬ್ಬರ ಯಂತ್ರ ಇನ್ನೊಬ್ಬರಿಗೆ ಆಗದು. ಪರೀಕ್ಷೆಯೇ ಇಲ್ಲದೆ ಜಾತ್ರೆಯಲ್ಲಿ, ಜಾಹೀರಾತಿನಲ್ಲಿ ಮಾರುವ ಅಗ್ಗದ ಡಬ್ಬಿ ತಗೊಂಡರೆ ಉಳಿದ ಕಿವಿಗೂ ಪೆಟ್ಟು ಬೀಳಬಹುದು.

ಯಂತ್ರ ಹಾಕಿದ ಮೊದಲ ದಿನ ನಾನು ಕಿತ್ತು ಎಸೆಯುವುದೊಂದೇ ಬಾಕಿ. ಪಾತ್ರೆ ತೊಳೆಯುವ ಸದ್ದು ಗುಡುಗಿನ ಹಾಗೆ. ನನ್ನ ಚಪ್ಪಲಿ ಸದ್ದು ನನಗೇ ಬೆಚ್ಚಿಬೀಳಿಸಿತು. ನನ್ನ ಮಾತು ಕೊಡದೊಳಗಿಂದ ಬಂದ ಹಾಗೆ. ಆದರೆ ಮೊದಲೇ ಹೇಳಿ ಕಳಿಸಿದ್ದರು: ಹತ್ತು ವರ್ಷ ಈ ಸದ್ದುಗಳನ್ನು ಕೇಳದ ಮೆದುಳಿಗೆ ಇವು ಹೊಸವು, ಅಭ್ಯಾಸವಾಗಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ. ಮೊದಲ ವಾರ ಮನೆಯೊಳಗೆ ಹೆಂಡತಿ ಒಬ್ಬಳ ಜೊತೆ ದಿನಕ್ಕೆ ಎರಡು ತಾಸು. ಆಮೇಲೆ ಅಂಗಳ, ಆಮೇಲೆ ಅಂಗಡಿ. ಸಂತೆಗೆ ಹಾಕಿಕೊಂಡು ಹೋದದ್ದು ಎರಡು ತಿಂಗಳ ನಂತರ. ನಡುವೆ ಎರಡು ಸಲ ಹೋಗಿ ಹೊಂದಿಸಿಕೊಂಡು ಬಂದೆ.

ಕಿವಿ ಹೊಸದಾಗಲಿಲ್ಲ, ಇದನ್ನು ಸ್ಪಷ್ಟ ಹೇಳುತ್ತೇನೆ. ಕನ್ನಡಕ ಹಾಕಿದ ಹಾಗೆ ಪೂರ್ತಿ ಸರಿ ಆಗುವುದಿಲ್ಲ. ಒಂದೆರಡು ಮಾರು ಒಳಗಿನ ಮಾತು ಚೆನ್ನಾಗಿ ತಿಳಿಯುತ್ತದೆ. ಸಂತೆ ಗದ್ದಲದಲ್ಲಿ ಇನ್ನೂ ಕಷ್ಟ. ಆದರೆ ಮೊಮ್ಮಗಳು "ಅಜ್ಜಾ, ಕತೆ ಹೇಳು" ಅಂದದ್ದು ತಿಳಿಯಿತು. ದರ ಹೇಳಿದ್ದು ತಿಳಿಯುತ್ತದೆ. ಅಂಗಳದಿಂದ ಕೂಗಿದರೆ ತಿರುಗಿ ನೋಡುತ್ತೇನೆ. ನನಗೆ ಇಷ್ಟು ಸಾಕು.

ಮಳೆಗಾಲದ ಆರೈಕೆ

ನಮ್ಮ ಜೋಯಿಡಾದ ಮಳೆಯೇ ಈ ಯಂತ್ರಕ್ಕೆ ಮೊದಲ ವೈರಿ, ಎರಡನೆಯದು ಬೆವರು. ರಾತ್ರಿ ಬ್ಯಾಟರಿ ಬಾಗಿಲು ತೆರೆದಿಟ್ಟು, ತೇವ ಹೀರುವ ಹರಳು ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಒಲೆಯ ಹತ್ತಿರ ಒಣಗಿಸಲು ಇಡಬಾರದು, ಕರಗಿಹೋಗುತ್ತದೆ. ಸ್ನಾನಕ್ಕೆ, ನಾಟಿಗೆ ಹೋಗುವಾಗ ತೆಗೆಯಬೇಕು. ಕಿವಿಯೊಳಗಿನ ಅಚ್ಚನ್ನು ಒಣ ಬಟ್ಟೆಯಿಂದ ದಿನಾ ಒರೆಸಬೇಕು, ಗುಗ್ಗೆ ಕಟ್ಟಿಕೊಂಡರೆ ಸದ್ದೇ ಬರದು. ಸಿಳ್ಳೆ ಹೊಡೆದರೆ ಅಚ್ಚು ಸಡಿಲ ಆಗಿದೆ ಅಥವಾ ಸರಿಯಾಗಿ ಕೂತಿಲ್ಲ ಅಂತ. ಗುಂಡಿ ಬ್ಯಾಟರಿಯ ಮೇಲಿನ ಚೀಟಿ ಕಿತ್ತ ಕೂಡಲೇ ಅದು ಖರ್ಚಾಗಲು ಶುರು, ಮತ್ತೆ ಅಂಟಿಸಿದರೂ ನಿಲ್ಲದು. ಒಂದೆರಡು ವಾರ ಬರುತ್ತದೆ. ಖಾಲಿ ಬ್ಯಾಟರಿ ಮಕ್ಕಳ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ.

ಅರ್ಧ ಕೆಲಸ ಮನೆಯವರದ್ದು

ಯಂತ್ರ ಹಾಕಿದ ಮೇಲೆ "ಈಗ ಎಲ್ಲಾ ಕೇಳ್ತದಲ್ಲ" ಅಂತ ಅಡಿಗೆಮನೆಯಿಂದಲೇ ಮಾತಾಡಿದರೆ ಆಗದು. ಎದುರಿಗೆ ಬನ್ನಿ, ಮುಖ ಬೆಳಕಿಗೆ ಇರಲಿ. ಕಿರುಚಬೇಡಿ, ಕಿರುಚಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ಅಕ್ಷರ ತಿಳಿಯುವುದಿಲ್ಲ. ಸ್ವಲ್ಪ ನಿಧಾನ ಸಾಕು. ತಿಳಿಯದಿದ್ದರೆ ಅದೇ ಶಬ್ದ ಹತ್ತು ಸಲ ಹೇಳುವ ಬದಲು ಬೇರೆ ಶಬ್ದದಲ್ಲಿ ಹೇಳಿ. ಟೀವಿ ಬಂದ್ ಮಾಡಿ ಮಾತಾಡಿ. ಎಲ್ಲಕ್ಕಿಂತ ಮುಖ್ಯ, "ಏನಿಲ್ಲ ಬಿಡಿ" ಅನ್ನಬೇಡಿ. ಎಲ್ಲರೂ ನಕ್ಕ ಮೇಲೆ ಯಾಕೆ ಅಂತ ಕೇಳಿದವನಿಗೆ "ಏನಿಲ್ಲ ಬಿಡು" ಅಂದರೆ ಅವನನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ.

ವಯಸ್ಸೂ 60 ಆಗಿಲ್ಲ, ಡೆಸಿಬಲ್ಲೂ 60 ಆಗಿಲ್ಲ

ಇನ್ನು ಸರಕಾರದ ಮಾತು. ಯೋಜನೆಗಳು ಇಲ್ಲ ಅಂತಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಶುರುವಾಗಿದೆ. ಅಂಗವಿಕಲರಿಗೆ ಸಾಧನ ಕೊಡುವ ಅಡಿಪ್ ಯೋಜನೆ 1981ರದ್ದು, ಅದಕ್ಕೆ ಶೇಕಡಾ 40ರ ಪ್ರಮಾಣಪತ್ರ ಬೇಕು. 60 ವರ್ಷ ದಾಟಿದ ಬಡವರಿಗೆ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕನ್ನಡಕ, ಕೋಲು, ಹಲ್ಲಿನ ಸೆಟ್ಟಿನ ಜೊತೆ ಕಿವಿಯ ಯಂತ್ರವೂ ಇದೆ. ಅರ್ಹರು ಇದ್ದರೆ ಪಂಚಾಯತಿಯಲ್ಲಿ ವಿಚಾರಿಸಿ, ಬಿಡಬೇಡಿ.

ನನ್ನ ಪಾಡು ನೋಡಿ. ನನಗೆ ವಯಸ್ಸು 56, ವಯೋಶ್ರೀ ಇಲ್ಲ. ನನ್ನ ಕಿವಿಯ ನಷ್ಟ 55 ಡೆಸಿಬಲ್. 2016ರ ಕಾನೂನಿನಲ್ಲಿ ಎರಡೂ ಕಿವಿಗೆ 60 ಡೆಸಿಬಲ್ ಹೋದ ಮೇಲೆ ಮಾತ್ರ ಮಂದ ಕಿವಿಯವನು ಅಂತ ಲೆಕ್ಕ. ಕಾಡುಕೋಣ ಬಂದಾಗ ಹೆಂಡತಿ ಕೂಗಿದ್ದು ಕೇಳುವುದಿಲ್ಲ, ಆದರೆ ಕಾಗದದ ಲೆಕ್ಕಕ್ಕೆ ನಾನು ಕಿವುಡನಲ್ಲ! ಗೇರುಬೀಜದ ದುಡ್ಡಿಗೆ ಇನ್ನಷ್ಟು ಕೈಸಾಲ ಸೇರಿಸಿ ಹದಿನೆಂಟು ಸಾವಿರಕ್ಕೆ ಒಂದೇ ಕಿವಿಗೆ ತಗೊಂಡೆ. ಎರಡೂ ಕಿವಿಗೆ ಹಾಕಿದರೆ ಸದ್ದು ಯಾವ ಕಡೆಯದು ಅಂತ ತಿಳಿಯಲು ಒಳ್ಳೆಯದು ಅಂತಾರೆ. ಇನ್ನೊಂದು ಫಸಲು ನೋಡಬೇಕು.

ಇನ್ನೊಂದು ಬೇಸರ. ನಮ್ಮ ನೆರೆಯ ಅಜ್ಜಿಗೆ ಒಂದು ಶಿಬಿರದಲ್ಲಿ ಯಂತ್ರ ಸಿಕ್ಕಿತು. ಹಾರ ಹಾಕಿ ಫೋಟೋ ತೆಗೆದರು. ಹೇಗೆ ಹಾಕುವುದು ಅಂತ ಕನ್ನಡದಲ್ಲಿ ಗಡಿಬಿಡಿಯಲ್ಲಿ ಹೇಳಿದರು, ಅಜ್ಜಿಗೆ ಬರುವುದು ಕೊಂಕಣಿ. ಅಚ್ಚು ಅಳತೆಗೆ ಮಾಡಿದ್ದಲ್ಲ, ಸಿಳ್ಳೆ ಹೊಡೆಯುತ್ತಿತ್ತು. ಬ್ಯಾಟರಿ ಮುಗಿದ ಮೇಲೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲ. ಈಗ ಅದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇದೆ. ಲೆಕ್ಕದ ಪುಸ್ತಕದಲ್ಲಿ ಅಜ್ಜಿಗೆ ಕಿವಿ ಕೇಳುತ್ತದೆ.

ಬೀಜ ಹಂಚಿದರೆ ಬೆಳೆ ಬಂದಂತೆ ಅಲ್ಲ, ಯಂತ್ರ ಹಂಚಿದರೆ ಕಿವಿ ಕೇಳಿದಂತೆ ಅಲ್ಲ. ನನ್ನ ಅಭಿಪ್ರಾಯ ಇಷ್ಟೆ: ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನವಾದರೂ ಕಿವಿ ಪರೀಕ್ಷೆ, ಯಂತ್ರ ಹೊಂದಿಸುವ ಕೆಲಸ ಆಗಬೇಕು. ನಮ್ಮಂಥ ಕಾಡೂರಿನಿಂದ ಹುಬ್ಬಳ್ಳಿಗೋ, ಅಣಶಿ ಘಟ್ಟ ಇಳಿದು ಕಾರವಾರಕ್ಕೋ ಹೋಗಿಬರುವುದಕ್ಕೆ ಒಂದು ದಿನದ ದುಡಿಮೆ ಹೋಗುತ್ತದೆ. ಯಂತ್ರ ಕೊಟ್ಟವರು ಮೂರು ತಿಂಗಳು ಬಿಟ್ಟು ಬಂದು ಕೇಳಬೇಕು, "ಹಾಕ್ತೀರಾ?" ಅಂತ, ಅವರವರ ಭಾಷೆಯಲ್ಲಿ. ನಮ್ಮ ಸೊಸೈಟಿಗಳು ಬೀಜ ಗೊಬ್ಬರದ ಜೊತೆ ಕಿವಿ ಬಿರಡೆ, ಯಂತ್ರದ ಬ್ಯಾಟರಿ ತಂದಿಟ್ಟರೆ ದೊಡ್ಡ ಖರ್ಚೇನೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಮಿಕ್ಕಿ ಜನಕ್ಕೆ ಒಂದಲ್ಲ ಒಂದು ಮಟ್ಟದಲ್ಲಿ ಕಿವಿ ಮಂದ ಇದೆ. ಇಷ್ಟು ಜನ ಇರುವಾಗ ನಾಚಿಕೆ ಯಾತಕ್ಕೆ? ಮೊದಲ ಸಲ ಯಂತ್ರ ಹಾಕಿಕೊಂಡು ಸಂತೆಗೆ ಹೋದಾಗ ಒಬ್ಬ ನಕ್ಕು, "ಏನ್ ಮಾವ, ಕಿವಿಯಾಗ ರೇಡಿಯೋ ಹಾಕೀಯೇನು?" ಅಂದ. "ಹೌದಪ್ಪಾ, ನಿನ್ನ ಮಾತು ಕೇಳಿಸ್ತದೆ ಈಗ" ಅಂದೆ. ಅವನು ಕನ್ನಡಕ ಹಾಕಿಕೊಂಡಿದ್ದ.

ನಿಮ್ಮ ಮನೆಯಲ್ಲಿ ಟೀವಿ ಸದ್ದು ಯಾರಿಗೋಸ್ಕರ ಜೋರಾಗುತ್ತಾ ಇದೆ, ಊಟದ ಹೊತ್ತಿಗೆ ಯಾರು ಮಾತು ಕಡಿಮೆ ಮಾಡಿದ್ದಾರೆ ಅಂತ ಇವತ್ತು ರಾತ್ರಿ ಒಂದು ಸಲ ನೋಡಿ. ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ. ನನ್ನ ಹಾಗೆ ಹತ್ತು ವರ್ಷ ಕಾಯಬೇಡಿ.